ಜವ್ಹಾರ್, ಗುಹಾಗರ್, ಸಾಂಗೆ: ಮುಂಬೈಯಿಂದ ಹೊರಟರೆ ಯಾವ ಸಣ್ಣ ಊರು, ಯಾವ ತಿಂಗಳು?

"ಲೋನಾವಳ ಆಯ್ತು, ಮಾಥೇರಾನ್ ಆಯ್ತು, ಅಲಿಬಾಗ್ ಸಾಕಾಯ್ತು. ಜನಜಂಗುಳಿ ಇಲ್ಲದ ಒಂದು ಸಣ್ಣ ಊರು ಹೇಳಿ ಮಾರಾಯ್ರೆ." ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ, ಮಾಟುಂಗಾದಲ್ಲಿ ಕಾಫಿಗೆ ಕೂತಾಗ, ಕನ್ನಡದವರು ಸಿಕ್ಕಲ್ಲೆಲ್ಲ ಈ ಮಾತು ಬರುತ್ತದೆ. ಊರಿನ ಹೆಸರು ಹೇಳುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು ಹೋಗುತ್ತೀರಿ? ಜೊತೆಗೆ ಯಾರು ಬರುತ್ತಾರೆ?

ಅಲ್ಲಿ ನೋಡಲಿಕ್ಕೆ ಏನೇನಿದೆ ಅನ್ನುವುದು ಆಮೇಲಿನ ಮಾತು. ಈ ಕಡೆಯ ಊರುಗಳೆಲ್ಲ ಮಳೆಯ ಮಾತು ಕೇಳುವ ಊರುಗಳು. ವರ್ಷದ ಮಳೆ ಹೆಚ್ಚುಕಡಿಮೆ ಪೂರ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಅದೇ ನೀರಿನಲ್ಲಿ ಊರು ನಡೆಯಬೇಕು. ಹಾಗಾಗಿ ಜುಲೈಯ ಜವ್ಹಾರ್ ಬೇರೆ, ಮೇ ತಿಂಗಳ ಜವ್ಹಾರ್ ಬೇರೆ. ಯಾರೋ ಕಳಿಸಿದ ಹಸಿರು ಫೋಟೊ ನೋಡಿ ಏಪ್ರಿಲ್‌ನಲ್ಲಿ ಹೊರಟರೆ ಸುಮ್ನೆ ಬೇಜಾರಾಗುತ್ತದೆ. ಅದು ಊರಿನ ತಪ್ಪಲ್ಲ.

ಇಲ್ಲಿ ಮೂರು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಪಾಲಘರ್ ಜಿಲ್ಲೆಯ ಗುಡ್ಡದ ಮೇಲಿನ ಜವ್ಹಾರ್, ರತ್ನಾಗಿರಿ ಜಿಲ್ಲೆಯ ಕಡಲತಡಿಯ ಗುಹಾಗರ್, ಗೋವಾದ ಒಳನಾಡಿನ ಸಾಂಗೆ. ಮೂರೂ ತಾಲ್ಲೂಕು ಊರುಗಳು. ಒಂದು ಬಸ್ ಸ್ಟ್ಯಾಂಡು, ಒಂದು ಪೇಟೆ ಬೀದಿ, ಒಂದು ಸರ್ಕಾರಿ ಆಸ್ಪತ್ರೆ. ಅದನ್ನು ದಾಟಿದರೆ ಹಳ್ಳಿ, ಕಾಡು, ತೋಟ. ಮೂರಕ್ಕೂ ನಾವು ಬೇರೆ ಬೇರೆ ತಿಂಗಳಲ್ಲಿ ಹೋಗಿ ಇದ್ದು ಬಂದಿದ್ದೇವೆ. ಪುಣೆಯವರಿಗಾಗಿ ಅಂಬೋಲಿಯ ಬಗ್ಗೆಯೂ ನಾಲ್ಕು ಮಾತು ಸೇರಿಸಿದ್ದೇನೆ.

ಜವ್ಹಾರ್: ಹತ್ತಿರದ ದೂರದೂರು

ಸೆಂಟ್ರಲ್ ಲೈನಿನವರು ದಿನಾ "ಕಸಾರಾ ಲೋಕಲ್" ಅಂತ ಅನೌನ್ಸ್‌ಮೆಂಟ್ ಕೇಳುತ್ತೇವೆ. ಆ ಲೋಕಲ್ಲಿನ ಕಡೆಯ ಸ್ಟೇಷನ್ನಿನಲ್ಲಿ ಇಳಿದು, ಖೋಡಾಳಾ, ಮೋಖಾಡಾ ದಾರಿಯಲ್ಲಿ ಘಟ್ಟದ ರಸ್ತೆ ಹಿಡಿದರೆ ಜವ್ಹಾರ್. ಇದು ಒಂದು ದಾರಿ. ಠಾಣೆಯಿಂದಾದರೆ ಭಿವಂಡಿ, ವಾಡಾ, ವಿಕ್ರಮಗಡ ಮೇಲೆ ಹೋಗಬಹುದು. ಬೋರಿವಲಿ, ವಸಾಯಿ ಕಡೆಯವರು ಅಹಮದಾಬಾದ್ ಹೈವೇಯಲ್ಲಿ ಮನೋರ್‌ವರೆಗೆ ಹೋಗಿ ಅಲ್ಲಿಂದ ಒಳಗೆ ತಿರುಗಬೇಕು. ಮುಂಬೈಯಿಂದ ಸುಮಾರು 150 ಕಿ.ಮೀ. ರಾತ್ರಿ ಪ್ರಯಾಣ ಬೇಡ, ರಜೆ ಹಾಕುವುದೂ ಬೇಡ. ಶುಕ್ರವಾರ ಸಂಜೆ ಬ್ಯಾಗ್ ಕಟ್ಟಿಟ್ಟು ಶನಿವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.

ಇದನ್ನು "ಠಾಣೆ ಜಿಲ್ಲೆಯ ಮಹಾಬಳೇಶ್ವರ" ಅಂತ ಕರೆಯುವ ರೂಢಿ ಇದೆ. 2014ರಲ್ಲಿ ಪಾಲಘರ್ ಬೇರೆ ಜಿಲ್ಲೆಯಾಯಿತು, ಆ ಹೆಸರು ಮಾತ್ರ ಉಳಿಯಿತು. ಆದರೆ ಜವ್ಹಾರ್ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಮಹಾಬಳೇಶ್ವರ ಅದರ ಮೂರು ಪಟ್ಟು ಎತ್ತರ. ಆ ಚಳಿಯನ್ನು ಇಲ್ಲಿ ಹುಡುಕಬೇಡಿ. ಡಿಸೆಂಬರ್ ರಾತ್ರಿಗೆ ಒಂದು ಶಾಲು ಸಾಕು. ಸ್ಟ್ರಾಬೆರಿ ಅಂಗಡಿ, ಕುದುರೆ ಸವಾರಿ, ಮಾಲ್ ರೋಡ್ ಯಾವುದೂ ಇಲ್ಲ. ಇದು ಆದಿವಾಸಿಗಳ ನಾಡು. ವಾರ್ಲಿ, ಕೋಕಣಾ, ಠಾಕೂರ್, ಕಾತ್ಕರಿ, ಮಹಾದೇವ ಕೋಳಿ ಜನ ಇಲ್ಲಿ ಇರುತ್ತಾರೆ. 1948ರವರೆಗೆ ಮುಕಣೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. ಅವರ ಜಯವಿಲಾಸ ಅರಮನೆ ಊರಿನ ಪಕ್ಕದಲ್ಲೇ ಮರಗಳ ನಡುವೆ ನಿಂತಿದೆ. ಒಳಗೆ ಬಿಡುವ ಹೊತ್ತು ಯಾವುದು ಅಂತ ಪೇಟೆಯಲ್ಲೇ ಕೇಳಿಕೊಂಡು ಹೋಗಿ. ಸೂರತ್‌ಗೆ ಹೋಗುವಾಗ 1664ರಲ್ಲಿ ಶಿವಾಜಿ ಮಹಾರಾಜರು ತಂಗಿದ ಜಾಗ ಅಂತ ಶಿರ್ಪಾಮಾಳವನ್ನು ತೋರಿಸುತ್ತಾರೆ. ಅಲ್ಲಿಂದ ಸಂಜೆಯ ಕಣಿವೆ ಬಹಳ ಚೆನ್ನಾಗಿ ಕಾಣುತ್ತದೆ.

ಆದರೆ ನನ್ನ ಮಟ್ಟಿಗೆ ಜವ್ಹಾರ್ ಅಂದರೆ ಗೋಡೆ ಮತ್ತು ರೊಟ್ಟಿ.

ಗೋಡೆಯ ವಿಷಯ ಮೊದಲು. ವಾರ್ಲಿ ಚಿತ್ರವನ್ನು ನಾವೆಲ್ಲ ಕಾಫಿ ಕಪ್ಪಿನ ಮೇಲೆ, ದಿಂಬಿನ ಕವರಿನ ಮೇಲೆ, ಏರ್‌ಪೋರ್ಟಿನ ಗೋಡೆಯ ಮೇಲೆ ನೋಡಿದ್ದೇವೆ. ಅದು ಹುಟ್ಟಿದ ಗೋಡೆಯನ್ನು ಹತ್ತಿರದಿಂದ ನೋಡಿ. ಕಾರ್ವಿ ಗಿಡದ ಕಡ್ಡಿಗಳನ್ನು ಹೆಣೆದು, ಮೇಲೆ ಮಣ್ಣು, ಸಗಣಿ ಮೆತ್ತಿದ ಗೋಡೆ. ಅದರ ಮೇಲೆ ಕೆಮ್ಮಣ್ಣು ಬಳಿದಿರುತ್ತಾರೆ. ನೆನೆಸಿ ಅರೆದ ಅಕ್ಕಿಯೇ ಬಿಳಿ ಬಣ್ಣ. ಬಿದಿರಿನ ಕಡ್ಡಿಯ ತುದಿಯನ್ನು ಜಗಿದು ಮೆತ್ತಗೆ ಮಾಡಿದರೆ ಅದೇ ಕುಂಚ. ತುದಿಗೆ ತುದಿ ಕೂಡಿಸಿದ ಎರಡು ತ್ರಿಕೋಣ, ಮೇಲೊಂದು ಸೊನ್ನೆ, ಅಲ್ಲಿಗೆ ಒಬ್ಬ ಮನುಷ್ಯ ಆದ. ಹತ್ತಿರ ಹೋದರೆ ಅಕ್ಕಿಯ ಗೆರೆ ಒಣಗಿ ಸಣ್ಣಗೆ ಉಬ್ಬಿರುವುದು ಬೆರಳಿಗೆ ಸಿಗುತ್ತದೆ. ಸಾಗರ, ಸೊರಬದ ದೀವರ ಮನೆಯ ಹಸೆ ಚಿತ್ತಾರ ನೋಡಿದವರಿಗೆ ಇದು ಪಕ್ಕದ ಮನೆಯ ಅಕ್ಕನ ಕೈಕೆಲಸ ಅನ್ನಿಸುತ್ತದೆ. ಅದೇ ಕೆಮ್ಮಣ್ಣು, ಅದೇ ಅಕ್ಕಿ ಹಿಟ್ಟು, ಎರಡು ಕಡೆಯೂ ಮದುವೆ ಮನೆಯ ಗೋಡೆ. ಇಲ್ಲೂ ಮೊದಲು ಬರೆಯುತ್ತಿದ್ದವರು ಮುತ್ತೈದೆಯರೇ. 1970ರ ದಶಕದಲ್ಲಿ ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಶೆ ಅದನ್ನು ಕಾಗದದ ಮೇಲೆ, ಬಟ್ಟೆಯ ಮೇಲೆ ತಂದು ಹೊರಜಗತ್ತಿಗೆ ತೋರಿಸಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಜವ್ಹಾರ್ ಸುತ್ತಿನ ಹಳ್ಳಿಗಳಲ್ಲಿ ಬರೆದು ಮಾರುವವರು ಇದ್ದಾರೆ. ಕೊಳ್ಳುವುದಿದ್ದರೆ ಬರೆದವರ ಕೈಯಿಂದಲೇ ಕೊಳ್ಳಿ. ದಯವಿಟ್ಟು ಚೌಕಾಸಿ ಮಾಡಬೇಡಿ. ಒಂದು ಅಂಗೈಯಗಲದ ಚಿತ್ರಕ್ಕೆ ಎಷ್ಟು ಹೊತ್ತು ಬೆನ್ನು ಬಗ್ಗಿಸಿ ಕೂರಬೇಕು ಅಂತ ನಾನು ನೋಡಿದ್ದೇನೆ.

ಇನ್ನು ರೊಟ್ಟಿ. ನನ್ನ ಹೆಂಡತಿ ಹಾಸನದ ಕಡೆಯವಳು. ಒಂದು ಅಕ್ಟೋಬರ್‌ನಲ್ಲಿ ಜವ್ಹಾರ್ ಹತ್ತಿರದ ಪಾಡಾ ಒಂದಕ್ಕೆ ಹೋಗಿದ್ದೆವು. ಇಲ್ಲಿ ಹಟ್ಟಿಗೆ ಪಾಡಾ ಅನ್ನುತ್ತಾರೆ. ಒಲೆಯ ಮುಂದೆ ಒಬ್ಬ ಅಜ್ಜಿ ಕಪ್ಪಗಿನ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದಳು. ಎರಡು ಅಂಗೈ ನಡುವೆ ತಟ್ಟಿ ತಟ್ಟಿ ಅಗಲ ಮಾಡಿದಳು. ಅಂಚು ಬಿರುಕು ಬಿಟ್ಟಲ್ಲಿ ಒದ್ದೆ ಬೆರಳಿನಿಂದ ಸವರಿದಳು. ಹೆಂಚಿನ ಮೇಲೆ ಹಾಕಿ ಮೇಲೆ ನೀರು ಚಿಮುಕಿಸಿದಾಗ ಚುಂಯ್ ಅಂದಿತು. ನನ್ನ ಹೆಂಡತಿ ಮರಾಠಿಯಲ್ಲಿ, "ಆಜಿ, ನಮ್ಮೂರಲ್ಲಿ ಇದನ್ನೇ ರಾಗಿ ಅಂತೇವೆ" ಅಂದಳು. ಅಜ್ಜಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು, "ನಿಮ್ಮೂರಲ್ಲೂ ನಾಗ್ಲಿ ಬೆಳೀತದಾ?" ಅಂತ ಕೇಳಿದಳು. ಆಮೇಲೆ ನಮಗೂ ಒಂದೊಂದು ತಟ್ಟಿದಳು. ಜೊತೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕುಟ್ಟಿದ ಚಟ್ನಿ. ನಾಗ್ಲಿ ಅಂದರೆ ರಾಗಿ. ವರಯಿ ಅಂದರೆ ಸಾಮೆ ಥರದ ಸಿರಿಧಾನ್ಯ. ಮೋಹ ಅಂದರೆ ನಮ್ಮ ಹಿಪ್ಪೆ. ಮಳೆಗಾಲದಲ್ಲಿ ಇಲ್ಲಿನವರು ಕಳಲೆಯನ್ನೂ ತಿನ್ನುತ್ತಾರೆ. ಕಾಡಿನ ಸೊಪ್ಪುಗಳಿಗೆ ರಾನ್ ಭಾಜಿ ಅನ್ನುತ್ತಾರೆ, ಜುಲೈ, ಆಗಸ್ಟ್‌ನಲ್ಲಿ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಕನ್ನಡದವರಿಗೆ ಇಲ್ಲಿ ಗುರುತು ಹಿಡಿಯಲಿಕ್ಕೆ ಎಷ್ಟೊಂದು ಇದೆ!

ಯಾವ ತಿಂಗಳು? ನನ್ನ ಉತ್ತರ ಅಕ್ಟೋಬರ್. ಮಳೆ ನಿಂತಿರುತ್ತದೆ, ಗುಡ್ಡ ಇನ್ನೂ ಹಸಿರು, ಭತ್ತ ಹಣ್ಣಾಗಿರುತ್ತದೆ. ಸಂಸ್ಥಾನದ ಕಾಲದಿಂದ ನಡೆದು ಬಂದ ದಸರಾ ಇದೆ. ತಾರ್ಪಾ ಕೇಳಲಿಕ್ಕೂ ಇದು ಸರಿಯಾದ ಕಾಲ. ಒಣಗಿದ ಸೋರೆಬುರುಡೆಗೆ ಬಿದಿರು ಸೇರಿಸಿ ಮಾಡಿದ ಊದುವ ವಾದ್ಯ ಅದು. ಊದುವವನ ಸುತ್ತ ಸೊಂಟ ಹಿಡಿದು ಕುಣಿಯುತ್ತಾರೆ. ಬೇಸಿಗೆಗೆ ಹೋಗಲೇಬೇಕು ಅಂದರೆ ಹೋಳಿಯ ನಂತರ ಜವ್ಹಾರ್, ಮೋಖಾಡಾ ಕಡೆ ಬೋಹಾಡಾ ಆಗುತ್ತದೆ. ದೊಡ್ಡ ದೊಡ್ಡ ಮುಖವಾಡ ಹೊತ್ತು, ನಮ್ಮ ಬಯಲಾಟದ ಹಾಗೆ ರಾತ್ರಿಯಲ್ಲಿ ನಡೆಯುವ ಕುಣಿತ. ಅದೊಂದನ್ನು ಬಿಟ್ಟರೆ ಏಪ್ರಿಲ್, ಮೇ ಬೇಡ ಅಂತಲೇ ಹೇಳುತ್ತೇನೆ. ಬಿಸಿಲಿನ ಕಾರಣಕ್ಕೆ ಮಾತ್ರ ಅಲ್ಲ. ಅಷ್ಟು ಮಳೆ ಬಿದ್ದೂ ಆ ತಿಂಗಳುಗಳಲ್ಲಿ ಹಳ್ಳಿಯ ಹೆಂಗಸರು ಕೊಡ ಹೊತ್ತು ನೀರಿಗೆ ಅಲೆಯುತ್ತಾರೆ. ಅಲ್ಲಿ ನಾವು ಹೋಗಿ ದಿನಕ್ಕೆ ಎರಡು ಸಲ ಸ್ನಾನ ಮಾಡುವುದು ಸರಿ ಕಾಣುವುದಿಲ್ಲ.

ಇನ್ನೊಂದು ಸಂಗತಿ ಗೊತ್ತಿದ್ದರೆ ಒಳ್ಳೆಯದು. ದೀಪಾವಳಿ ಕಳೆದ ಮೇಲೆ ಇಲ್ಲಿನ ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿ ಭಿವಂಡಿ, ವಸಾಯಿ ಕಡೆಯ ಇಟ್ಟಿಗೆ ಭಟ್ಟಿಗಳಿಗೆ ಕೂಲಿಗೆ ಹೋಗುತ್ತಾರೆ. ಮಳೆಗೆ ಮುಂಚೆ ವಾಪಸ್ಸಾಗುತ್ತಾರೆ. ಜನವರಿಯಲ್ಲಿ ಒಂದು ಪಾಡಾಕ್ಕೆ ಹೋದಾಗ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಇರಲಿಲ್ಲ. ಮುಂಬೈಯ ಹೊಸ ಬಿಲ್ಡಿಂಗುಗಳ ಇಟ್ಟಿಗೆ ಆ ಮನೆಗಳಿಂದ ಹೊರಟ ಕೈಗಳದ್ದು. ಅಕ್ಟೋಬರ್‌ನಲ್ಲೇ ಹೋಗಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ. ಆಗ ಎಲ್ಲರೂ ಮನೆಯಲ್ಲಿರುತ್ತಾರೆ, ಕೊಯ್ಲಿನ ಸಂಭ್ರಮ ಇರುತ್ತದೆ. ಯಾರದ್ದೇ ಫೋಟೊ ತೆಗೆಯುವ ಮೊದಲು ಕೇಳಿ. ಮಕ್ಕಳಿಗೆ ಚಾಕಲೇಟ್ ಹಂಚಿಕೊಂಡು ಓಡಾಡಬೇಡಿ.

ಜವ್ಹಾರ್‌ನ ದೊಡ್ಡ ತೊಂದರೆ ಓಡಾಟದ್ದು. ದಾಭೋಸಾ ಜಲಪಾತ ಸುಮಾರು 20 ಕಿ.ಮೀ. ದೂರ. ಸುಮಾರು 300 ಅಡಿಯಿಂದ ಬೀಳುವ ನೀರು, ಜುಲೈಯಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ನಾವು ಶೇರ್ ಜೀಪಿನಲ್ಲಿ ಹೋದೆವು, ವಾಪಸ್ ಬರುವ ಜೀಪಿನ ಹೊತ್ತು ಕೇಳಿರಲಿಲ್ಲ. ಜೀಪುಗಳು ಹೊರಡುವುದು ಜನ ತುಂಬಿದ ಮೇಲೆ. ಸಂಜೆಯ ನಂತರ ಹಳ್ಳಿಯಿಂದ ಪೇಟೆಗೆ ಹೋಗುವವರೇ ಇರುವುದಿಲ್ಲ, ಹಾಗಾಗಿ ಜೀಪೂ ಇಲ್ಲ. ಮಳೆಯಲ್ಲಿ ಒಂದೂವರೆ ಗಂಟೆ ನಡೆದ ಮೇಲೆ ತರಕಾರಿ ಟೆಂಪೊ ಒಂದು ನಿಲ್ಲಿಸಿ ಹತ್ತಿಸಿಕೊಂಡಿತು. ಅವತ್ತಿನಿಂದ ಇಳಿಯುವಾಗಲೇ ಡ್ರೈವರ್‌ಗೆ "ಪರತಿಚೀ ಗಾಡಿ ಕಿತೀ ವಾಜತಾ?" (ವಾಪಸ್ ಗಾಡಿ ಎಷ್ಟು ಗಂಟೆಗೆ?) ಅಂತ ಕೇಳುವುದು ನಮಗೆ ಅಭ್ಯಾಸವಾಗಿದೆ. ಜಲಪಾತದ ಕೆಳಗಿನ ಗುಂಡಿಗೆ ಮಾತ್ರ ಮಳೆಗಾಲದಲ್ಲಿ ಇಳಿಯಲೇಬೇಡಿ. ಮೇಲೆ ಘಟ್ಟದಲ್ಲಿ ಮಳೆ ಹೊಡೆದರೆ ಕೆಳಗೆ ನೀರು ಏರುವುದು ನಿಮಿಷಗಳ ಮಾತು.

ಗುಹಾಗರ್: ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರೆ

ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವ ಕರಾವಳಿಯವರಿಗೆ ಚಿಪ್ಳೂಣ್ ಹೊಸ ಹೆಸರಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಎಷ್ಟು ಸಲ ಆ ಸ್ಟೇಷನ್ ದಾಟಿದ್ದೇವೋ ಲೆಕ್ಕವಿಲ್ಲ. ದಾಟುತ್ತೇವೆ, ಇಳಿಯುವುದಿಲ್ಲ. ಒಮ್ಮೆ ಇಳಿದು ನೋಡಿ. ಅಲ್ಲಿಂದ ಸುಮಾರು 45 ಕಿ.ಮೀ. ಪಶ್ಚಿಮಕ್ಕೆ ಎಸ್‌ಟಿ ಬಸ್ಸಿನಲ್ಲಿ ಹೋದರೆ ರಸ್ತೆ ಮುಗಿಯುವಲ್ಲಿ ಗುಹಾಗರ್. ಪುಣೆಯವರು ಸಾತಾರಾ, ಪಾಟಣ್, ಕೊಯ್ನಾ ಮೇಲೆ ಕುಂಭಾರ್ಲಿ ಘಾಟಿ ಇಳಿದು ಚಿಪ್ಳೂಣ್‌ಗೆ ಬರಬಹುದು. ಕಾರಿನಲ್ಲಿ ಮುಂಬೈ-ಗೋವಾ ಹೈವೇ ಹಿಡಿಯುವವರಿಗೆ ಆ ರಸ್ತೆಯ ಕಥೆ ಗೊತ್ತೇ ಇದೆ. ಅಗಲ ಮಾಡುವ ಕೆಲಸ ಎಷ್ಟು ವರ್ಷ ಎಳೆಯಿತು ಅನ್ನುವುದನ್ನು ಬೆನ್ನುಮೂಳೆ ಹೇಳುತ್ತದೆ. ವಯಸ್ಸಾದವರಿದ್ದರೆ ರೈಲೇ ಸರಿ.

ಊರು ಕಡಲಿಗೆ ಬೆನ್ನು ಹಾಕಿ ಕೂತಿದೆ. ಒಂದೇ ಉದ್ದದ ಬೀದಿ. ಬೀದಿಯ ಪಶ್ಚಿಮಕ್ಕೆ ಮನೆ, ಮನೆಯ ಹಿಂದೆ ತೆಂಗು, ಅಡಿಕೆಯ ವಾಡಿ, ವಾಡಿಯ ಹಿಂದೆ ಗಾಳಿಮರ, ಅದರಾಚೆ ಮರಳು. ಆರು ಕಿಲೋಮೀಟರಿನಷ್ಟು ಉದ್ದಕ್ಕೆ ನೇರ ಬೀಚು. ನಮ್ಮೂರು ಕುಂದಾಪುರದ ಹತ್ತಿರ. ಮೊದಲ ಸಲ ಆ ವಾಡಿಯ ಕಾಲುದಾರಿಯಲ್ಲಿ ನಡೆದಾಗ ಸೋದರತ್ತೆಯ ಮನೆಯ ತೋಟಕ್ಕೆ ಬಂದ ಹಾಗಾಯಿತು. ಅಡಿಕೆ ಸೋಗೆ ಬಿದ್ದಿರುವ ರೀತಿ, ನೀರಿನ ಕಣಿ, ಜಗುಲಿಯ ಮೇಲೆ ಒಣಹಾಕಿದ ಪುನರ್ಪುಳಿ ಎಲ್ಲ ಅದೇ. ಹಾಗಾದರೆ ಕರಾವಳಿಯವರು ಅಷ್ಟು ದೂರ ಯಾಕೆ ಹೋಗಬೇಕು? ಊರಿಗೆ ಹೋಗಲಿಕ್ಕೆ ನಾಲ್ಕೈದು ದಿನ ಬೇಕು, ಇಲ್ಲಿಗೆ ಮೂರು ಸಾಕು. ನನ್ನ ಅಮ್ಮ ಮೂರೂ ಊರುಗಳಲ್ಲಿ ಇಷ್ಟಪಟ್ಟದ್ದು ಇದನ್ನೇ. ನೆಲ ಸಮತಟ್ಟು. ವ್ಯಾಡೇಶ್ವರ ದೇವಸ್ಥಾನ ಪೇಟೆಯಲ್ಲೇ ಇದೆ, ದುರ್ಗಾದೇವಿ ಗುಡಿಗೂ ನಡೆದೇ ಹೋಗಬಹುದು. ಹತ್ತು ಭುಜದ ಗಣಪತಿಯ ಹೆದವಿ, ಸಮುದ್ರದ ಪಕ್ಕದ ವೇಳಣೇಶ್ವರ ಎರಡನ್ನೂ ಒಂದು ರಿಕ್ಷಾ ಮಾಡಿಕೊಂಡು ಅರ್ಧ ದಿನದಲ್ಲಿ ನೋಡಬಹುದು.

ಇಲ್ಲಿ ಹೋಟೆಲಿಗಿಂತ ಮನೆಯ ಊಟವೇ ಚೆನ್ನ. ಅದಕ್ಕೊಂದು ಕ್ರಮ ಇದೆ. ಎಷ್ಟು ಜನ, ಯಾವ ಹೊತ್ತಿಗೆ ಅಂತ ಮೊದಲೇ ಹೇಳಬೇಕು. ಅಕ್ಕಿ ಅಳೆಯುವುದು, ಕಾಯಿ ತುರಿಯುವುದು ಎಲ್ಲ ತಲೆ ಲೆಕ್ಕದಲ್ಲಿ. ಉಕಡೀಚೆ ಮೋದಕ, ಅಂದರೆ ಹಬೆಯಲ್ಲಿ ಬೇಯಿಸಿದ ಕಡುಬು, ಬೇಕಿದ್ದರೆ ಹಿಂದಿನ ದಿನವೇ ಹೇಳಿಡಿ. ನಾವು ಒಮ್ಮೆ ಹೇಳದೇ ರಾತ್ರಿ ಒಂಬತ್ತಕ್ಕೆ ಹೋಗಿ ಇಳಿದೆವು. ಪೇಟೆ ಬಾಗಿಲು ಹಾಕಿ ಆಗಿತ್ತು. ಮನೆಯ ಕಾಕು (ಚಿಕ್ಕಮ್ಮ ಅನ್ನುವ ಹಾಗೆ) ಒಂದು ಮಾತೂ ಆಡದೆ ಆರಿಸಿದ್ದ ಒಲೆ ಹೊತ್ತಿಸಿ ಪಿಠಲಂ, ಅನ್ನ ಮಾಡಿ ಬಡಿಸಿದರು. ಕಡಲೆಹಿಟ್ಟಿನ ಆ ಬಿಸಿ ಪಿಠಲಂ, ಮೇಲೆ ಹಸಿ ಎಣ್ಣೆ, ಪಕ್ಕದಲ್ಲಿ ಪುನರ್ಪುಳಿಯ ಸೋಲ್ ಕಢಿ. ಬೆಳಿಗ್ಗೆ ಐದಕ್ಕೆ ಏಳುವ ಹೆಂಗಸನ್ನು ಹಾಗೆ ದುಡಿಸಿದ್ದು ನಮ್ಮ ತಪ್ಪು. ಈಗ ಚಿಪ್ಳೂಣ್ ಮುಟ್ಟುವ ಮೊದಲೇ ಫೋನ್ ಮಾಡುತ್ತೇವೆ. ಮೀನು ಬೇಕಾದವರು ಮೊದಲೇ ಕೇಳಿ, ಎಷ್ಟೋ ಮನೆಗಳಲ್ಲಿ ಸಸ್ಯಾಹಾರ ಮಾತ್ರ. ಪೇಟೆಯ ಖಾನಾವಳಿಗಳಲ್ಲಿ ಮೀನಿನ ಥಾಲಿ ಸಿಗುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಆಗ ತಾಜಾ ಬಂಗುಡೆಯ ಆಸೆ ಬೇಡ.

ಧೋಪಾವೆಯಿಂದ ದಾಭೋಳ್‌ಗೆ ಖಾಡಿ (ಹಿನ್ನೀರಿನ ಅಳಿವೆ) ದಾಟುವ ಫೆರ್ರಿ ಇದೆ. ಮಕ್ಕಳಿದ್ದರೆ ಅದನ್ನು ತಪ್ಪಿಸಬೇಡಿ. ಕಾರು, ಬೈಕು, ಮೀನಿನ ಬುಟ್ಟಿ, ಶಾಲೆಯ ಹುಡುಗರು ಎಲ್ಲ ಒಂದೇ ದೋಣಿಯಲ್ಲಿ. ದಡ ಮುಟ್ಟಿದ ಕೂಡಲೇ ಕಬ್ಬಿಣದ ಹಲಗೆ ಧಡ್ ಅಂತ ಬೀಳುತ್ತದೆ, ಗಾಡಿಗಳು ಸಾಲಾಗಿ ಇಳಿಯುತ್ತವೆ. ದಾರಿಯಲ್ಲಿ ಅಂಜನವೇಲದ ಗೋಪಾಳಗಡ ಕೋಟೆ ಸಿಗುತ್ತದೆ, ಎನ್‌ರಾನ್ ಹೆಸರಿನಿಂದ ಎಲ್ಲರಿಗೂ ಗೊತ್ತಾದ ವಿದ್ಯುತ್ ಸ್ಥಾವರವೂ ಅಲ್ಲೇ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗುವವರು ದಾಭೋಳ್ ಆಚೆ ದಾಪೋಲಿ ದಾಟಿ, ಮಂಡಣಗಡ ತಾಲ್ಲೂಕಿನ ವೇಳಾಸ್‌ವರೆಗೆ ಹೋಗಬಹುದು. ಆಲಿವ್ ರಿಡ್ಲಿ ಕಡಲಾಮೆಯ ಮರಿಗಳನ್ನು ಬೆಳಿಗ್ಗೆ, ಸಂಜೆ ಸಮುದ್ರಕ್ಕೆ ಬಿಡುವುದನ್ನು ಅಲ್ಲಿ ನೋಡಬಹುದು.

ಗುಹಾಗರ್‌ಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾವಿಗಾಗಿ ಹೋಗುವವರು ಏಪ್ರಿಲ್ ಕೊನೆಗೆ ಹೋಗಿ, ಸೆಕೆ ತಡೆದುಕೊಳ್ಳಬೇಕು. ಗಣೇಶ ಚೌತಿ, ಶಿಮ್ಗಾ (ಹೋಳಿ) ಎರಡು ಹಬ್ಬಗಳಲ್ಲಿ ಮುಂಬೈಯ ಕೊಂಕಣಿಗರು, ಅಲ್ಲಿನವರ ಮಾತಿನಲ್ಲಿ ಚಾಕರಮಾನಿಗಳು, ಊರು ತುಂಬಾ ತುಂಬಿರುತ್ತಾರೆ. ರೈಲಿನ ಟಿಕೆಟ್ ಸಿಗುವುದೂ ಕಷ್ಟ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನವಾಗಿ ಓಡುತ್ತವೆ. 2021ರ ಜುಲೈಯಲ್ಲಿ ಚಿಪ್ಳೂಣ್ ಪೇಟೆ ನೀರಿನಲ್ಲಿ ಮುಳುಗಿದ್ದು ನೆನಪಿರಬಹುದು. ಸಮುದ್ರವೂ ಆಗ ಬೇರೆಯದೇ. ನೀರಿಗೆ ಇಳಿಯುವ ಮಾತೇ ಬೇಡ.

ಸಾಂಗೆ: ಬೀಚಿಲ್ಲದ ಗೋವಾ

ಇಂಗ್ಲಿಷ್ ಬೋರ್ಡಿನಲ್ಲಿ ಸಾಂಗ್ವೆಮ್ ಅಂತ ಓದಿಕೊಳ್ಳಬಹುದಾದ ಹಾಗೆ ಬರೆದಿರುತ್ತದೆ. ಬಸ್ಸಿನಲ್ಲಿ ಹಾಗೆ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಸಾಂಗೆ ಅನ್ನಿ. ಮಡಗಾಂವ್‌ನಿಂದ ಕದಂಬ ಬಸ್ಸಿದೆ. ಗೋವಾ ಸರ್ಕಾರಿ ಬಸ್ಸಿನ ಮೈಮೇಲೆ ಕದಂಬರ ಹೆಸರು ನೋಡುವಾಗ ನನಗೆ ಪ್ರತಿ ಸಲವೂ ಖುಷಿ. ಮುಂಬೈಯಿಂದ ರಾತ್ರಿ ರೈಲು ಹಿಡಿದು ಹೋಗಬೇಕು, ಹಾಗಾಗಿ ಎರಡು ದಿನದ ರಜೆಯಲ್ಲಿ ಇದು ಆಗುವ ಕೆಲಸ ಅಲ್ಲ. ಪುಣೆಯವರಿಗೆ ಬೆಳಗಾವಿ, ಕ್ಯಾಸಲ್‌ರಾಕ್ ಮೇಲೆ ಬರುವ ಗೋವಾ ಎಕ್ಸ್‌ಪ್ರೆಸ್ ಇದೆ, ದೂಧ್‌ಸಾಗರ್ ಜಲಪಾತದ ಪಕ್ಕದಲ್ಲೇ ಹಾದು ಹೋಗುತ್ತದೆ. ವಾಸ್ಕೊ, ಝುವಾರಿನಗರದ ನಮ್ಮವರಿಗೆ ಇದು ಒಂದು ಭಾನುವಾರದ ಓಡಾಟ. ವರ್ಷಗಟ್ಟಲೆ ಗೋವಾದಲ್ಲಿದ್ದೂ ಈ ಕಡೆ ತಲೆ ಹಾಕದವರು ಎಷ್ಟೋ ಮಂದಿ ಇದ್ದಾರೆ.

ಇಲ್ಲಿನ ಪೇಟೆ ಚಿಕ್ಕದು, ಗಣಿ ನಡೆಯುತ್ತಿದ್ದ ಕಾಲದ ಕೆಂಪು ಧೂಳು ಹಳೆಯ ಗೋಡೆಗಳ ಮೇಲೆ ಇನ್ನೂ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಗೋವಾದ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಲಾರಿಗಳ ಸಾಲು ಇದ್ದ ರಸ್ತೆಯಲ್ಲಿ ನಾವು ಹೋದಾಗ ಹಕ್ಕಿ ಕೂಗು ಕೇಳುತ್ತಿತ್ತು. ತರಕಾರಿ ಕೊಳ್ಳಲಿಕ್ಕೆ ನಿಂತರೆ ಮಾರುವ ಹೆಂಗಸು ಕನ್ನಡದಲ್ಲೇ "ಏನ್ ಬೇಕ್ರಿ ಅಣ್ಣಾರ?" ಅಂದಳು. ಬದನೆಕಾಯಿಯೂ ಬೆಳಗಾವಿಯದು, ಅವಳೂ ಆ ಕಡೆಯವಳೇ.

ಮಳೆಗಾಲಕ್ಕೆ ಮೂರರಲ್ಲಿ ನಾನು ಆರಿಸುವುದು ಸಾಂಗೆಯನ್ನು. ಸಾಳಾವ್ಲಿ ಅಣೆಕಟ್ಟು ತುಂಬಿದಾಗ ನೀರು ಬಾತುಕೋಳಿಯ ಕೊಕ್ಕಿನ ಆಕಾರದ ಕಟ್ಟೆಯ ಮೂರೂ ಕಡೆಯಿಂದ ಒಳಗೆ ಧುಮುಕುತ್ತದೆ. ಆ ಶಬ್ದ ಗೇಟಿನಲ್ಲೇ ಕೇಳಿಸುತ್ತದೆ. ನೇತ್ರಾವಳಿಯ ಗೋಪೀನಾಥ ದೇವಸ್ಥಾನದ ಕೆರೆಯಲ್ಲಿ ತಳದಿಂದ ಗುಳ್ಳೆ ಏಳುತ್ತಲೇ ಇರುತ್ತದೆ. ಬುಡಬುಡ್ಯಾಚಿ ತಳಿ ಅಂತ ಹೆಸರು. ಚಪ್ಪಾಳೆ ತಟ್ಟಿದರೆ ಜಾಸ್ತಿ ಗುಳ್ಳೆ ಬರುತ್ತದೆ ಅಂತ ಹೇಳುತ್ತಾರೆ, ನಮ್ಮ ಮಗಳು ಅರ್ಧ ಗಂಟೆ ಅಲ್ಲಿಂದ ಏಳಲೇ ಇಲ್ಲ. ಸುತ್ತಲಿನ ಕಾಡು 1999ರಲ್ಲಿ ಅಭಯಾರಣ್ಯ ಆಯಿತು, 211 ಚದರ ಕಿ.ಮೀ. ವಿಸ್ತಾರ. ಒಳಗೆ ಸಾವರಿ ಜಲಪಾತಕ್ಕೆ ನಡೆಯುವುದಿದ್ದರೆ ಇಂಬಳಕ್ಕೆ ತಯಾರಾಗಿ ಹೋಗಿ.

ಮಳೆ ಮುಗಿದ ಮೇಲೆ ಹೋಗುವವರು ರಿವಣ ಹತ್ತಿರದ ಉಸಗಾಳಿಮಳಕ್ಕೆ ಹೋಗಿ. ಕುಶಾವತಿ ಹೊಳೆಯ ದಡದ ಮುರಕಲ್ಲಿನ ಮೇಲೆ ಗೂಳಿ, ಜಿಂಕೆ, ಕುಣಿಯುವ ಹೆಂಗಸು, ಸುರುಳಿ ಸುರುಳಿಯಾದ ಚಕ್ರ ಎಲ್ಲ ಕೆತ್ತಿದ್ದಾರೆ. ನೂರಕ್ಕೂ ಜಾಸ್ತಿ ಚಿತ್ರಗಳು. ಹೊರಗಿನವರಿಗೆ ಗೊತ್ತಾದದ್ದು 1993ರಲ್ಲಿ. ನೆತ್ತಿಯ ಮೇಲೆ ಬಿಸಿಲಿದ್ದರೆ ಗೆರೆ ಕಾಣುವುದಿಲ್ಲ, ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು. ನಾವು ಹೋದಾಗ ಕಾವಲಿನವನು ಒಂದು ಕೊಡ ನೀರು ತಂದು ಕಲ್ಲಿನ ಮೇಲೆ ಹೊಯ್ದ. ಬೆನ್ನು ಉಬ್ಬಿಸಿ ನಿಂತ ಗೂಳಿ ಒದ್ದೆ ಕಲ್ಲಿನಲ್ಲಿ ಮೆಲ್ಲಗೆ ಎದ್ದು ಬಂತು. ಮೇ ತಿಂಗಳಲ್ಲಿ ಹೋದರೆ ಇನ್ನೊಂದು ಇದೆ. ಸಾಳಾವ್ಲಿ ಅಣೆಕಟ್ಟಿನಲ್ಲಿ ಮುಳುಗಿದ ಕುರ್ಡಿ ಗ್ರಾಮ ನೀರು ಇಳಿದಾಗ ಹೊರಗೆ ಬರುತ್ತದೆ. ಊರು ಬಿಟ್ಟು ಹೋದವರು ಆ ದಿನಗಳಲ್ಲಿ ಬಂದು ಸೇರಿ ದೇವರ ಕಾರ್ಯ ಮಾಡುತ್ತಾರೆ. ಹಿಂದುಸ್ತಾನಿ ಗಾಯಕಿ, ಕಿಶೋರಿ ಅಮೋಣಕರ್ ಅವರ ತಾಯಿ ಮೊಗೂಬಾಯಿ ಕುರ್ಡೀಕರ್ ಅವರ ಊರು ಅದು. ಮೊಗೂಬಾಯಿ ಅವರ ಮನೆಯ ತಳಪಾಯವೂ ಅಲ್ಲಿ ಕಾಣುತ್ತದೆ.

ಸಾಂಗೆಯಲ್ಲಿ ಉಳಿಯುವ ಜಾಗ ಕಡಿಮೆ, ಒಳಗಿನ ಹಳ್ಳಿಗಳಿಗೆ ಬಸ್ಸೂ ಕಡಿಮೆ. ಮಡಗಾಂವ್‌ನಲ್ಲೇ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಿ, ಹಿಂದೆ ಮುಂದೆ ನೋಡಬೇಡಿ. ನಡೆಯಲಾಗದವರಿಗೆ ಈ ಊರು ಸ್ವಲ್ಪ ಕಷ್ಟವೇ.

ಪುಣೆಯವರಿಗೆ ಅಂಬೋಲಿ

ಕೊಲ್ಹಾಪುರ, ಆಜರಾ ದಾರಿಯಲ್ಲಿ ಹೋದರೆ ಸಾವಂತವಾಡಿಗೆ ಇಳಿಯುವ ಮೊದಲು ಸಿಗುವ ಘಟ್ಟದ ಊರು, ಸುಮಾರು 690 ಮೀಟರ್ ಎತ್ತರ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಗುಹೆಯೊಳಗೆ ಹುಟ್ಟುವ ಹಿರಣ್ಯಕೇಶಿ ಇಲ್ಲಿಂದ ಬೆಳಗಾವಿ ಜಿಲ್ಲೆಗೆ ಹರಿದು ಘಟಪ್ರಭಾ ಸೇರುತ್ತದೆ. ಸಂಕೇಶ್ವರ, ಗೋಕಾಕದ ಕಡೆಯವರು ತಮ್ಮ ನೀರಿನ ತವರನ್ನು ಒಮ್ಮೆ ನೋಡಿ ಬರಬೇಕು. ಅಲ್ಲಿ ಸಿಕ್ಕ ಒಂದು ಪುಟ್ಟ ಮೀನಿಗಾಗಿ ಆ ಜಾಗವನ್ನು 2021ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಆಗಸ್ಟ್ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಕಪ್ಪೆ ನೋಡಲಿಕ್ಕೆ ಜನ ಬರುತ್ತಾರೆ. ಶನಿವಾರ, ಭಾನುವಾರ ಜಲಪಾತದ ರಸ್ತೆಯಲ್ಲಿ ಕಾರುಗಳ ಜಾತ್ರೆ. ವಾರದ ನಡುವೆ ಹೋಗಲಾಗದಿದ್ದರೆ ಅಂಬೋಲಿಯನ್ನು ಬಿಟ್ಟುಬಿಡಿ.

ಆರಿಸುವಾಗ

ಕೈಯಲ್ಲಿ ಇರುವುದು ಶನಿವಾರ, ಭಾನುವಾರ ಮಾತ್ರ ಅಂದರೆ ಯೋಚನೆಯೇ ಬೇಡ, ಜವ್ಹಾರ್. ಅಪ್ಪ, ಅಮ್ಮ, ಸಣ್ಣ ಮಕ್ಕಳು ಎಲ್ಲ ಸೇರಿ ಹೊರಟಿದ್ದೀರಿ, ಮೂರು ರಾತ್ರಿ ಇದೆ ಅಂದರೆ ಗುಹಾಗರ್. ಮಳೆಯಲ್ಲೇ ಹೋಗಬೇಕು, ಸ್ಕೂಟರ್ ಓಡಿಸುತ್ತೀರಿ ಅಂದರೆ ಸಾಂಗೆ. ಕಾಲೇಜಿನ ಮಕ್ಕಳಿಗೆ ಸಾಂಗೆ ಹಿಡಿಸುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ನನ್ನ ತಂಗಿಯ ಮಗ ಹೆಚ್ಚು ಮಾತಾಡುವುದು ಜವ್ಹಾರ್ ಬಗ್ಗೆಯೇ. ತಾರ್ಪಾ ಊದುವವರ ಪಕ್ಕ ಕೂತು ಎರಡು ಗಂಟೆ ಕಳೆದಿದ್ದ.

ಖರ್ಚು ನೋಡಿದರೆ ಜವ್ಹಾರ್ ಎಲ್ಲಕ್ಕಿಂತ ಕಡಿಮೆ. ಗುಹಾಗರ್ ನಡುವೆ. ಸಾಂಗೆಗೆ ರೈಲು, ಸ್ಕೂಟರ್ ಸೇರಿ ಜಾಸ್ತಿಯಾಗುತ್ತದೆ. ಮೂರು ಕಡೆಯೂ ಕೈಯಲ್ಲಿ ನೋಟು ಇರಲಿ. ಪೇಟೆಯಲ್ಲಿ ಫೋನ್ ಪೇ ನಡೆಯುತ್ತದೆ, ಪೇಟೆ ದಾಟಿದರೆ ನೆಟ್‌ವರ್ಕ್ ಕೈಕೊಡುತ್ತದೆ. ದಿನಾ ತಗೊಳ್ಳುವ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ರಾತ್ರಿ ಟಾರ್ಚ್ ಇಲ್ಲದೆ ತೋಟ, ಗದ್ದೆಗೆ ಕಾಲಿಡಬೇಡಿ. ಹಾವು ಕಚ್ಚಿದರೆ ನಾಟಿ ಮದ್ದು, ಮಂತ್ರ ಅಂತ ಹೊತ್ತು ಕಳೆಯದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಈ ಸಲ ನಾವು ಮತ್ತೆ ಜವ್ಹಾರ್‌ಗೇ ಹೊರಟಿದ್ದೇವೆ, ದಸರೆಯ ವಾರಕ್ಕೆ. ಆ ವಾರ ಕೋಣೆಗಳು ಬೇಗ ತುಂಬುತ್ತವೆ, ಬರುವವರು ಈಗಲೇ ಫೋನ್ ಮಾಡಿ ಹೇಳಿಡಿ. ನನ್ನ ಹೆಂಡತಿ ಹಾಸನದಿಂದ ಎರಡು ಕಿಲೊ ರಾಗಿ ತರಿಸಿ ಇಟ್ಟಿದ್ದಾಳೆ, ಆ ಅಜ್ಜಿಗೆ ಕೊಡಲಿಕ್ಕೆ.